ಪಂಖಾ ಪಾರ್ಟಿಯಲ್ಲಿ ಒದರಿದ ವರ್ಷಗಳು

ಹೋದ ತಿಂಗಳು ಹುಬ್ಬಳ್ಳಿಯಿಂದ ಮೂವರು ಕಾಲೇಜು ಹುಡುಗಿಯರು ಸಂಶಿಯ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಅವರದೊಂದು ಬ್ಯಾಂಡ್ ಇದೆಯಂತೆ. ಒಬ್ಬಳ ಹೆಗಲಿಗೆ ಗಿಟಾರು, ಇನ್ನೊಬ್ಬಳ ತಲೆ ಒಂದು ಬದಿ ಪೂರ್ತಿ ಬೋಳು. 'ಲೀಲಕ್ಕ, ನೀವು ಊರೂರು ತಿರುಗಿ ಹೆಂಗ ಹಾಡತಿದ್ರಿ, ಒಂದೀಟು ಬರದು ಕೊಡ್ರಿ' ಎಂದರು. ನಾನು ಮೈಕು ಕೆಳಗಿಟ್ಟು ಏಳು ವರ್ಷವಾಯಿತು. ಬರೆದು ರೂಢಿ ಇಲ್ಲ. ಆದರೂ ಬರೆಯಲು ಕೂತಿದ್ದೇನೆ. ಆ ಕೆಲಸದಲ್ಲಿ ನಾನು ಕಲಿತದ್ದೆಲ್ಲ ತಪ್ಪು ಮಾಡಿ ಕಲಿತದ್ದು. ಅವೇ ತಪ್ಪುಗಳನ್ನು ಈ ಹುಡುಗಿಯರು ಮತ್ತೆ ಮಾಡುವುದು ಬೇಡ, ಬೇಕಾದರೆ ಹೊಸವನ್ನು ಮಾಡಲಿ.

ನಮ್ಮ ಅಪ್ಪನದು ಹಿಟ್ಟಿನ ಗಿರಣಿ. ಎಂಜಿನ್ ಶುರುವಾದರೆ ಬಾಜೂಕ ನಿಂತವರ ಮಾತೂ ಕೇಳುತ್ತಿರಲಿಲ್ಲ. ಹಿಟ್ಟು ಬೀಸಿ ಆದ ಮೇಲೆ ಯಾವ ಡಬ್ಬಿ ಯಾರದು ಎಂದು ಕೂಗಿ ಕರೆಯುವ ಕೆಲಸ ನನ್ನದು. ಸಂಜೆ ಸಾಲಿ ಬಿಟ್ಟ ಕೂಡಲೇ ಬಂದವಳು ಕತ್ತಲಾಗುವವರೆಗೆ ಎಂಜಿನ್ನಿನ ಸದ್ದಿನ ಮೇಲೆ ಒದರುತ್ತಿದ್ದೆ. ಹದಿನಾರು ವರ್ಷಕ್ಕೆ ನನ್ನ ದನಿ ಗಂಡಸರ ದನಿಗಿಂತ ಒರಟಾಗಿತ್ತು. ಅವ್ವನಿಗೆ ಮಾತ್ರ ಮಗಳು ಸಂಗೀತ ಕಲಿಯಬೇಕೆಂಬ ಆಸೆ. ನಮ್ಮ ಸೀಮೆಯಲ್ಲಿ ಅದು ದೊಡ್ಡ ಆಸೆಯೇನೂ ಅಲ್ಲ. ಕುಂದಗೋಳದಲ್ಲಿ ಯಾವ ಓಣಿಗೆ ಹೋದರೂ ಒಂದು ಮನೆಯಲ್ಲಾದರೂ ತಂಬೂರಿ ಇರುತ್ತಿತ್ತು. ಅಲ್ಲಿನ ಗವಾಯಿ ಮಾಸ್ತರರ ಮುಂದೆ ಕೂಡಿಸಿದಳು. ಅವರು ಷಡ್ಜ ಹಿಡಿಸಿದರು, ಕಣ್ಣು ಮುಚ್ಚಿ ಕೇಳಿದರು, ಮತ್ತೆ ಹಿಡಿಸಿದರು.

'ಸಿಟ್ಟಾಗಬ್ಯಾಡವಾ ತಂಗಿ' ಎಂದರು ಅವ್ವನಿಗೆ. 'ಹುಡುಗಿಗೆ ಸುರ ತಿಳೀತದ. ಆದ್ರ ಗಂಟಲು ಗಿರಣಿ ಆಗ್ಯದ.'

ಆ ಸುದ್ದಿ ಊರಿಗೆಲ್ಲ ಗೊತ್ತಾಯಿತು. ಗಿರಣಿಗೆ ಬಂದವರು 'ಗವಾಯಿ ಬಾಯಿ, ನಮ್ಮ ಜ್ವಾಳ ಆತೇನ?' ಎಂದು ಕೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹಿತ್ತಲಿಗೆ ಹೋಗಿ ಅತ್ತದ್ದು ಅವ್ವನಿಗೂ ಗೊತ್ತಿಲ್ಲ.

ದಸ್ತಗೀರ ಮಾಸ್ತರ ಕುಂದಗೋಳದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವರು. ಅವರ ತಂದೆಯದು ಮದುವೆಗೆ ಬಾರಿಸುವ ಬ್ಯಾಂಡ್ ಕಂಪನಿ. ತಂದೆ ಹೋದ ಮೇಲೆ ಮನೆಯಲ್ಲಿ ಉಳಿದದ್ದು ಒಂದು ದೊಡ್ಡ ಡ್ರಮ್ಮು, ಒಂದು ಸೈಡ್ ಡ್ರಮ್ಮು, ಎರಡು ಹಿತ್ತಾಳೆಯ ಜಾಂಜು. ಮಾಸ್ತರರು ಅದಕ್ಕೆ ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕ ಗಿಟಾರು ಸೇರಿಸಿದ್ದರು. ಹಳೆಯ ರೇಡಿಯೋ ಸಾಮಾನಿನಿಂದ ಅದಕ್ಕೆ ಕರೆಂಟು ಹಿಡಿಸಿ, ಕಟ್ಟಿಗೆಯ ಪೆಟ್ಟಿಗೆಯಲ್ಲಿ ಆಂಪ್ಲಿಫೈಯರನ್ನೂ ತಾವೇ ಕಟ್ಟಿದ್ದರು. ನಮ್ಮಪ್ಪನ ರೇಡಿಯೋ ರಿಪೇರಿ ಮಾಡಿ ಕೊಡಲು ಒಂದು ದಿನ ಸಂಶಿಗೆ ಬಂದವರು ಗಿರಣಿಯ ಬಾಗಿಲಲ್ಲಿ ನಿಂತರು. ಆಮೇಲೆ ರಸ್ತೆ ದಾಟಿ ಆಚೆ ನಿಂತರು. ಇನ್ನೂ ಮುಂದೆ ಹೋಗಿ ಪಂಚಾಯತಿ ಕಟ್ಟೆಯ ಮೇಲೆ ನಿಂತರು. ತಿರುಗಿ ಬಂದು ಅಪ್ಪನಿಗೆ ಹೇಳಿದರು:

'ವೀರಪ್ಪನವರ, ಅಲ್ಲೆ ಕಟ್ಟಿ ಮ್ಯಾಲ ನಿಂತರೂ ಎಂಜಿನ್ ದಾಟಿ ಈಕಿ ದನಿ ಕೇಳಸ್ತದ. ನಮ್ಮ ಗಿಟಾರದ ಗದ್ದಲದ ಮ್ಯಾಲ ಕೇಳಸೂ ಗಂಟಲು ಎರಡು ವರ್ಷದಿಂದ ಹುಡುಕಾಕ ಹತ್ತೀನಿ. ಕಳಸ್ತೀರೇನು?'

ಅಪ್ಪ ಎಂಜಿನ್ ಬಂದ್ ಮಾಡಿದರು. ಹಗಲು ಹೊತ್ತಿನಲ್ಲಿ ಅವರು ಎಂಜಿನ್ ಬಂದ್ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾತು ಎರಡು ದಿನ ನಡೆಯಿತು. ಮನೆಗೆ ಕೆಟ್ಟ ಹೆಸರು ಬಾರದಂತೆ ನನಗೆ ಬೇರೆ ಹೆಸರು ಇಡೋಣ, ಹ್ಯಾಂಡ್‌ಬಿಲ್ಲಿನಲ್ಲಿ ಮಿಸ್ ರೂಪಾ ಎಂದು ಹಾಕೋಣ ಎಂದು ಮಾಸ್ತರರು ಅಂದರು. ಅಪ್ಪ ಒಪ್ಪಲಿಲ್ಲ. 'ಹೆಸರು ಮುಚ್ಚಿಡೂ ಕೆಲಸ ಆದ್ರ ನನ್ನ ಮಗಳು ಬರೂದಿಲ್ಲ. ಮುಚ್ಚಿಡೂ ಕೆಲಸ ಅಲ್ಲಂದ್ರ ಆಕಿ ಹೆಸರಿನ ಮುಂದ ನನ್ನ ಹೆಸರೂ ಹಾಕ್ರಿ. ಹೊತ್ತು ಮುಳುಗೂದ್ರಾಗ ಮನಿಗೆ ತಂದು ಬಿಡ್ರಿ' ಎಂದರು. ಹಾಗಾಗಿ ನಮ್ಮ ಕಾರ್ಯಕ್ರಮಗಳೆಲ್ಲ ಮಧ್ಯಾಹ್ನ. ಅದರಿಂದ ಒಂದು ಲಾಭವೂ ಆಯಿತು: ರಾತ್ರಿ ನಡೆಯುವ ಬೇರೆ ಆರ್ಕೆಸ್ಟ್ರಾಗಳಿಗೆ ಬಾರದ ಹೆಣ್ಣುಮಕ್ಕಳು ನಮ್ಮದಕ್ಕೆ ಬಂದರು. ಊರಿನ ಕೆಲವರು ಅಪ್ಪನ ಗಿರಣಿಗೆ ಬರುವುದು ಬಿಟ್ಟರು. ಅಪ್ಪ ಆ ಮಾತನ್ನು ನನ್ನ ಮುಂದೆ ಒಮ್ಮೆಯೂ ಎತ್ತಲಿಲ್ಲ. ನನಗೆ ಹೇಳಿದವಳು ಅವ್ವ, ಅದೂ ಎಷ್ಟೋ ವರ್ಷದ ಮೇಲೆ.

ನಾವು ನಾಲ್ಕು ಮಂದಿ. ಗಿಟಾರಿಗೆ ಮಾಸ್ತರರು, ಡ್ರಮ್ಮಿಗೆ ಬಸಣ್ಣ, ಹಾಡಿಗೆ ನಾನು. ನಾಲ್ಕನೆಯವನು ಹುಬ್ಬಳ್ಳಿ ರೈಲ್ವೆ ಕ್ವಾರ್ಟರ್ಸಿನ ಡೇವಿಡ್. ದಪ್ಪ ತಂತಿಯ ಗಿಟಾರು ಅವನದು. ಮುಂಬಯಿಯ ನೆಂಟರಿಂದ ಅವನೊಂದು ಕ್ಯಾಸೆಟ್ ತಂದಿದ್ದ. ಅದರಲ್ಲಿ ವಿಲಾಯತಿ ಹುಡುಗರು ಜಗಳಕ್ಕೆ ಬಿದ್ದವರ ಹಾಗೆ ಕೂಗುತ್ತಿದ್ದರು. ಮಾಸ್ತರರು ಎರಡು ಸಲ ಕೇಳಿ, 'ಇವರಿಗೆ ಗಿಟಾರದಾಗ ಮೂರ ಪಟ್ಟು ಬರ್ತಾವು. ನನಗೂ ಮೂರ ಬರ್ತಾವು. ಮತ್ಯಾಕ ಹೆದರೂಣು?' ಎಂದರು. ಈ ನಮೂನೆಗೆ ಏನನ್ನುತ್ತಾರೆ ಎಂದು ಕೇಳಿದ್ದಕ್ಕೆ ಡೇವಿಡ್ 'ಪಂಕ್' ಅಂದ. ಹ್ಯಾಂಡ್‌ಬಿಲ್ಲಿನಲ್ಲಿ ಅದೇ ಮಾತು ಹಾಕಿಸಿದೆವು. ಗುಡಗೇರಿ ಸಂತೆಯಲ್ಲಿ ಒಬ್ಬ ಹಿರಿಯರು ಟೇಬಲ್ ಫ್ಯಾನು ಎತ್ತಿಕೊಂಡು ಬಂದು, 'ಪಂಖಾ ರಿಪೇರಿ ಮಾಡವ್ರು ನೀವ ಹೌದಲ್ರಿ?' ಎಂದರು. ಮಾಸ್ತರರು ಹಾಡು ಶುರುಮಾಡುವ ಮುಂಚೆ ಅದನ್ನು ರಿಪೇರಿ ಮಾಡಿಯೇ ಕೊಟ್ಟರು. ಅಂದಿನಿಂದ ಜನರ ಬಾಯಲ್ಲಿ ನಾವು ಪಂಖಾ ಪಾರ್ಟಿ.

ಗುಡಗೇರಿ ಸಂತೆಯ ಆ ದಿನವೇ ನನ್ನ ಮೊದಲ ಕಾರ್ಯಕ್ರಮ. ಕಾಳಿನ ಅಂಗಡಿಗಳ ಎದುರು ಎರಡು ಚಕ್ಕಡಿ ಗಾಡಿ ಜೋಡಿಸಿ ಮೇಲೆ ಹಲಗೆ ಹಾಸಿದ್ದರು. ಎರಡನೆಯ ಹಾಡಿನ ನಡುವೆ ಆಂಪ್ಲಿಫೈಯರಿನಿಂದ ಗಿಟಾರಿನ ಬದಲು ಒಬ್ಬ ಗಂಡಸಿನ ಸೌಮ್ಯ ದನಿ ಬಂತು: ಮೆಣಸಿನಕಾಯಿ ಬೆಳೆಯಲ್ಲಿ ಎಲೆ ಮುದುಡುವ ರೋಗ ಕಂಡಾಗ ರೈತ ಬಾಂಧವರು ಏನು ಮಾಡಬೇಕು ಎಂದು. ಮಾಸ್ತರರ ಪೆಟ್ಟಿಗೆ ರೇಡಿಯೋ ಹಿಡಿದುಬಿಟ್ಟಿತ್ತು. ಅವರು ತಂತಿ ಎಳೆದರು, ಪೆಟ್ಟಿಗೆಗೆ ಗುದ್ದಿದರು. ದನಿ ಇನ್ನೂ ಸ್ಪಷ್ಟವಾಯಿತು. ನಾನು ಮೈಕು ಹಿಡಿದು ಬೆವರುತ್ತ ನಿಂತಿದ್ದೆ. ಮಂದಿ ಮಾತ್ರ ಅಲ್ಲಾಡಲಿಲ್ಲ. ಮುಂದಿನ ಸಾಲಿನ ಒಬ್ಬ ರೈತ, 'ಏ, ಅದನ್ನ ಬಂದ್ ಮಾಡಬ್ಯಾಡ್ರಿ, ಔಷಧದ ಹೆಸರು ಕೇಳೂಣು' ಎಂದ.

ಬಸಣ್ಣ ಮೆಲ್ಲಗೆ ಡ್ರಮ್ಮು ಬಾರಿಸತೊಡಗಿದ. ನನಗೆ ಏನು ತೋಚಿತೋ, ರೇಡಿಯೋದವರು ಒಂದು ಮಾತು ಹೇಳಿ ಉಸಿರು ತೆಗೆದುಕೊಂಡಾಗೆಲ್ಲ ನಾನು ಒದರಿದೆ: 'ಮುದುಡಿತೋ ಮುದುಡಿತು, ಎಲಿ ಮುದುಡಿತು.' ಮೂರನೆಯ ಸಲಕ್ಕೆ ಇಡೀ ಸಂತೆ ನನ್ನ ಜೊತೆ ಒದರಿತು. ಮೆಣಸಿನಕಾಯಿ ಚೀಲದ ಮೇಲೆ ಕೂತ ಒಬ್ಬ ಅಜ್ಜಿ ಎದೆ ಬಡಿದುಕೊಂಡು ಒದರಿದಳು. ಆ ವರ್ಷ ಆಕೆಯ ಬೆಳೆ ಹೋಗಿತ್ತಂತೆ. ನಮ್ಮ ಸ್ವಂತ ಹಾಡುಗಳು ಶುರುವಾದದ್ದು ಅಲ್ಲಿಂದ. ಸಿನಿಮಾ ಹಾಡನ್ನು ಯಾರಾದರೂ ಹಾಡುತ್ತಾರೆ, ಇವರ ಮೆಣಸಿನಕಾಯಿಯನ್ನು ಯಾರು ಹಾಡಬೇಕು ಎಂದು ಮಾಸ್ತರರು ಟೆಂಪೋದಲ್ಲಿ ದಾರಿಯುದ್ದಕ್ಕೂ ಹೇಳುತ್ತ ಬಂದರು. ನಾನು ಬರೆಯತೊಡಗಿದೆ. ರೇಶನ್ ಅಂಗಡಿಯ ಸಾಲು, ನಳದ ಜಗಳ, ನಿಲ್ಲದ ಬಸ್ಸು, ಗಾಡಿ ಕೇಳುವ ವರ.

ಈ ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಅಣ್ಣಿಗೇರಿಯ ಒಂದು ಮದುವೆಗೆ ವರನ ಗೆಳೆಯರು ನಮ್ಮನ್ನು ಕರೆಸಿದ್ದರು. ಅಕ್ಕಿಕಾಳು ಬಿದ್ದು ಮದುವೆ ಮುಗಿದು, ಊಟದ ಪಂಕ್ತಿ ಏಳುವ ಹೊತ್ತಿಗೆ ನಮ್ಮ ಹಾಡು. ಎಲ್ಲ ಊರಲ್ಲೂ ಮಂದಿ ನಕ್ಕ ಹಾಡಲ್ಲವೇ ಎಂದು ನಾನು 'ಗಾಡಿ ಕೊಟ್ರ ಗಂಡ, ಕೊಡದಿದ್ರ ದಂಡ' ಶುರುಮಾಡಿದೆ. ಯಾರೂ ನಗಲಿಲ್ಲ. ಹಂದರದ ತುಂಬ ಒಬ್ಬರೂ ನಗಲಿಲ್ಲ. ಮೋಟರ್‌ಸೈಕಲ್ ಬಾಗಿಲಿಗೆ ಬರುವವರೆಗೆ ವರ ಅಕ್ಕಿಕಾಳಿಗೆ ನಿಲ್ಲುವುದಿಲ್ಲ ಎಂದು ಆ ದಿನ ಬೆಳಿಗ್ಗೆಯಷ್ಟೇ ದೊಡ್ಡ ರಂಪವಾಗಿ, ಹೇಗೋ ಮುಗಿದಿತ್ತು. ನನಗದು ಗೊತ್ತಿರಲಿಲ್ಲ. ವರನ ಕಾಕಾ ಎದ್ದು ಬಂದು ತಂತಿ ಕಿತ್ತರು. ಮದುಮಗಳ ಅಪ್ಪ ತಲೆ ಎತ್ತಲಿಲ್ಲ. ಮಾಸ್ತರರು ಎಲ್ಲರ ಮುಂದೆ ಕೈ ಮುಗಿದು ತಪ್ಪಾಯಿತು ಎಂದರು.

ಟೆಂಪೋದಲ್ಲಿ ನಾನು ಅವರ ಜೊತೆ ಜಗಳ ತೆಗೆದೆ. 'ಸುಳ್ಳೇನರ ಹಾಡಿದ್ನೇನ್ರಿ? ಅವರು ಮಾಡಿದ್ದನ್ನ ಹಾಡಿದೆ. ನೀವ್ಯಾಕ ಕೈ ಮುಗದ್ರಿ?'

ಮಾಸ್ತರರು ದನಿ ಏರಿಸದೆ ಹೇಳಿದರು: 'ಹಾಡಿ ನಾವು ಟೆಂಪೋ ಹತ್ತಿ ಬಂದ್ವಿ ಲೀಲಾ. ಆ ಹುಡುಗಿ ಅಲ್ಲೇ ಕುಂತಾಳ. ನಾಳಿನೂ ಅಲ್ಲೇ ಇರತಾಳ. ನೀ ಒದರಿದ್ದಕ್ಕ ಆಕಿ ಉತ್ತರ ಕೊಡಬೇಕು.'

ನನಗೆ ನಿದ್ದೆ ಹತ್ತದೆ ಹೋಯಿತು. ಆ ಮದುಮಗಳು ಸುಮಿತ್ರಾ, ನವಲಗುಂದದವಳು. ಮರುವಾರ ತವರಿಗೆ ಬಂದಿದ್ದಾಳೆಂದು ತಿಳಿದು ಒಬ್ಬಳೇ ಬಸ್ಸು ಹತ್ತಿ ಹೋದೆ. ಆಕೆ ನನ್ನನ್ನು ಒಳಗೆ ಕರೆದು ನೀರು ಕೊಟ್ಟಳು. ನನಗಿಂತ ಒಂದೆರಡು ವರ್ಷ ಸಣ್ಣವಳು.

'ನೀವು ಹಾಡಿದ್ದು ಸುಳ್ಳಲ್ಲರಿ ಅಕ್ಕಾರ' ಎಂದಳು. 'ಆದ್ರ ನನ್ನ ಒಂದು ಮಾತು ಕೇಳಿ ಹಾಡಬೇಕಿತ್ತು. ನಮ್ಮಪ್ಪನೇ ಹೇಳಿ ಹಾಡಸ್ಯಾನ ಅಂತ ಅವರು ಅನ್ನಾಕ ಹತ್ಯಾರ. ಪಂಚಮಿ ಹಬ್ಬಕ್ಕ ತವರಿಗೆ ಕಳಸೂದಿಲ್ಲ ಅಂದಾರ.'

ನಾನು ಕುಂದಗೋಳಕ್ಕೆ ಬಂದು ಮಾಸ್ತರರಿಗೆ ಹೇಳಿದೆ. ಅವರು ಅಂಗಡಿಗೆ ಬೀಗ ಹಾಕಿ ನನ್ನ ಜೊತೆ ಅಣ್ಣಿಗೇರಿಗೆ ಹೊರಟರು. ವರನ ಮನೆಯವರು ನಮ್ಮನ್ನು ಹೊಸ್ತಿಲ ಆಚೆಯೇ ನಿಲ್ಲಿಸಿದರು. ಆ ಹಾಡು ಬರೆದವಳು ನಾನು, ಅದನ್ನು ಅಂದು ಹಾಡಿದ್ದೂ ನನ್ನದೇ ತಲೆಯಿಂದ, ಸುಮಿತ್ರಾಳ ತವರಿನವರಿಗೆ ಅದರ ಗಂಧಗಾಳಿಯೂ ಇರಲಿಲ್ಲ ಎಂದು ಹೇಳಿದೆ. ಹಾಡು ತಪ್ಪು ಎಂದು ಮಾತ್ರ ಹೇಳಲಿಲ್ಲ. ವರನ ಕಡೆಯವರೂ ಅದನ್ನು ಗಮನಿಸಿದರು. ಕಾಕಾ ಏನೋ ಅನ್ನಲು ಹೋದಾಗ ಒಳಗಿನಿಂದ ಸುಮಿತ್ರಾಳ ಅತ್ತೆ, 'ಸಾಕು ಬಿಡ್ರಿ, ಹುಡುಗಿ ಬಂದು ಹೇಳಿದ್ಲಲ್ಲ' ಎಂದರು. ಪಂಚಮಿಗೆ ಸುಮಿತ್ರಾ ತವರಿಗೆ ಹೋದಳು. ನಾಲ್ಕಾರು ವರ್ಷಗಳ ಮೇಲೆ ಎರಡು ಮಕ್ಕಳನ್ನು ಕರೆದುಕೊಂಡು ಒಂದು ಕಾರ್ಯಕ್ರಮಕ್ಕೆ ಬಂದು, ಅದೇ ಹಾಡನ್ನು ಹಾಡಿರೆಂದು ತಾನೇ ಚೀಟಿ ಕಳಿಸಿದಳು. ಆಗ ಹಾಡಿದೆ.

ಯಾರದಾದರೂ ಕಷ್ಟ ಹಾಡುವ ಮೊದಲು ಅವರನ್ನು ಕೇಳಬೇಕು ಎಂಬುದನ್ನು ನಾನು ಆಮೇಲೆ ಬಿಡಲಿಲ್ಲ. ಅದರಿಂದ ಹಾಡುಗಳು ಮೆತ್ತಗಾಗುತ್ತವೆ ಎಂದು ಡೇವಿಡ್ ವಾದ ಹಾಕುತ್ತಿದ್ದ. ಬಮ್ಮಿಗಟ್ಟಿಯಲ್ಲಿ ಅವನ ವಾದಕ್ಕೂ ಉತ್ತರ ಸಿಕ್ಕಿತು.

ಅಲ್ಲಿ ಭತ್ತದ ಗದ್ದೆಯ ಕೆಲಸ ಮುಗಿಸಿದ ಹೆಣ್ಣುಮಕ್ಕಳೇ ಸಾಲಿಯ ಅಂಗಳದಲ್ಲಿ ಹೆಚ್ಚು ನೆರೆದಿದ್ದರು. ಕಲಘಟಗಿಗೆ ಹೋಗುವ ಬಸ್ಸು ಕೈ ಮಾಡಿದರೂ ನಿಲ್ಲುವುದಿಲ್ಲ ಎಂದು ಅವರೇ ಹೇಳಿದರು, ಹಾಡಬೇಕೆಂದೂ ಅವರೇ ಅಂದರು. ನಾವು ಹಾಡಿದೆವು. ಅವರು ಕುಪ್ಪಳಿಸಿ ಒದರಿದರು. ಆಗ ಹಿಂದಿನಿಂದ ಖಾಕಿ ಅಂಗಿಯ ಒಬ್ಬ ಮನುಷ್ಯ ಗುಂಪನ್ನು ಸರಿಸಿಕೊಂಡು ನೆಟ್ಟಗೆ ವೇದಿಕೆಗೆ ಬಂದ. ಆ ಬಸ್ಸಿನ ಡ್ರೈವರು. ರಜೆಯಲ್ಲಿ ಅತ್ತೆಯ ಮನೆಗೆ ಬಂದವನು. ಬಸಣ್ಣ ಡ್ರಮ್ಮಿನ ಕೋಲು ಗಟ್ಟಿ ಹಿಡಿದು ಎದ್ದು ನಿಂತ. ನಾನೂ ಹೊಡೆತಕ್ಕೇ ಬಂದನೆಂದುಕೊಂಡೆ.

'ನಂದೂ ಒಂದೀಟು ಹಾಡ್ರಿ' ಎಂದ ಅವನು. 'ಎಲ್ಲಾರೂ ನನ್ನ ಬೈತಾರ. ಕುಂದ್ರೂ ಮಂದಿ ಐವತ್ತು. ಬಾಗಲದಾಗ ನೂರು ಮಂದಿ ಜೋತು ಬಿದ್ದಿರತಾರ. ಏರಿನ ಮ್ಯಾಲ ನಿಲ್ಲಿಸಿದ್ರ ಬಸ್ಸು ಮತ್ತ ಮುಂದ ಏರೂದಿಲ್ಲ. ನಾ ಎಲ್ಲಿ ನಿಲ್ಲಸ್ಲಿ, ನೀವ ಹೇಳ್ರಿ.'

ಮೈಕು ಅವನ ಕೈಗೇ ಕೊಟ್ಟೆ. ಅವನು ಹೇಳಿದ್ದನ್ನೇ ಮಾಸ್ತರರು ಗಿಟಾರಿಗೆ ಹೊಂದಿಸಿದರು, ನಾನು ಪಲ್ಲವಿ ಹಿಡಿದೆ: 'ಎಲ್ಲಿ ನಿಲ್ಲಸ್ಲಿ ಹೇಳ ತಂಗಿ, ಎಲ್ಲಿ ನಿಲ್ಲಸ್ಲಿ.' ಹೆಣ್ಣುಮಕ್ಕಳು ಮೊದಲು ನಕ್ಕರು, ಆಮೇಲೆ ಅವನ ಪದವನ್ನೂ ಅಷ್ಟೇ ಜೋರಾಗಿ ಒದರಿದರು. ಅದರಿಂದ ಬಸ್ಸೇನೂ ಹೆಚ್ಚಾಗಲಿಲ್ಲ. ಆದರೆ ಅವನು ಏರು ಮುಗಿದ ಮೇಲೆ ಸಪಾಟು ಜಾಗದಲ್ಲಿ ನಿಲ್ಲಿಸುತ್ತೇನೆ, ಅಲ್ಲಿಗೆ ನಡೆದು ಬನ್ನಿ ಎಂದು ಅಲ್ಲಿಯೇ ಒಪ್ಪಿಕೊಂಡ. ಆಮೇಲೆ ಆ ಹಾಡಿಗೆ ಎರಡೂ ಕಡೆಯವರ ಪದಗಳು ಇದ್ದೇ ಇರುತ್ತಿದ್ದವು, ಮತ್ತು ಅದು ಮೊದಲಿಗಿಂತ ಮೆತ್ತಗೇನೂ ಆಗಲಿಲ್ಲ. ಡೇವಿಡ್ ವಾದ ಬಿಟ್ಟ.

ಐದನೆಯ ವರ್ಷ ನನ್ನ ದನಿ ಹೋಯಿತು. ಒಂದು ಮುಂಜಾನೆ ಎದ್ದರೆ ಬಾಯಿಂದ ಬರೀ ಗಾಳಿ. ಹುಬ್ಬಳ್ಳಿಯ ಡಾಕ್ಟರು ಗಂಟಲಲ್ಲಿ ಗಂಟಾಗಿದೆ, ಎರಡು ತಿಂಗಳು ಮಾತೂ ಆಡಬೇಡ, ಹಾಡುವುದನ್ನಂತೂ ಮರೆತುಬಿಡು ಎಂದರು. ಗಿರಣಿಯ ಮೂಲೆಯಲ್ಲಿ ಚೀಲದ ಮೇಲೆ ಕೂತು ದಿನ ಕಳೆದೆ. ಒಂದು ಮಧ್ಯಾಹ್ನ ಕುಂದಗೋಳದ ಗವಾಯಿ ಮಾಸ್ತರರು ಗಿರಣಿಗೆ ಬಂದರು. ಹಿಟ್ಟಿನ ಧೂಳಿಗೆ ಕೆಮ್ಮುತ್ತ, ಅಪ್ಪ ಒರೆಸಿ ಕೊಟ್ಟ ಸ್ಟೂಲಿನ ಮೇಲೆ ಕೂತು, 'ನಾ ಎರಡು ಸಲ ನಿನ್ನ ಹಾಡು ಕೇಳೀನಿ. ಹಿಂದ ನಿಂತು' ಎಂದರು.

ನಾನು ಮುಖ ತಗ್ಗಿಸಿದೆ.

'ಅದು ಸಂಗೀತ ಹೌದೋ ಅಲ್ಲೋ ನನಗ ಗೊತ್ತಿಲ್ಲ. ಆದ್ರ ಮಂದಿ ಎದ್ದು ನಿಂತದ್ದು ನೋಡೀನಿ. ನೀ ಒದರವಾ, ಬ್ಯಾಡ ಅನ್ನೂದಿಲ್ಲ. ಗಂಟಲಿಂದ ಒದರಬ್ಯಾಡ. ಹೊಟ್ಟಿಯಿಂದ ಒದರು. ಅದನ್ನ ಕಲಸಾಕ ನನಗ ಬರತದ.'

ಎರಡು ತಿಂಗಳು ಕಳೆದ ಮೇಲೆ ದಿನಾ ಮುಂಜಾನೆ ಮೊದಲ ಬಸ್ಸಿಗೆ ಕುಂದಗೋಳಕ್ಕೆ ಹೋದೆ. ಉಸಿರು ತುಂಬಿಕೊಳ್ಳುವುದು, ನಿಧಾನ ಬಿಡುವುದು, ಕೆಳಗಿನ ಷಡ್ಜದಲ್ಲಿ ತುಟಿ ಮುಚ್ಚಿ ನಿಲ್ಲುವುದು. ಆರು ತಿಂಗಳು ಇಷ್ಟೇ. ರಾಗ ಕಲಿಸಿ ಎಂದು ನಾನು ಕೇಳಲಿಲ್ಲ, ಅವರೂ ಕಲಿಸಲಿಲ್ಲ. ನಾನು ಅಲ್ಲಿಂದ ಮುಂದೆ ಮೂವತ್ತು ವರ್ಷ ಹಾಡಿದ್ದೇನೆ. ಅದರಲ್ಲಿ ಒಂದೊಂದು ದಿನವೂ ಅವರು ಕೊಟ್ಟದ್ದು. ಹುಡುಗಿಯರೇ, ನೀವು ಒದರುವ ಹಾಡು ಹಾಡುವವರಾದರೆ ಮೊದಲು ಹೋಗಿ ಮೆಲ್ಲಗೆ ಹಾಡುವವರ ಹತ್ತಿರ ಕಲಿಯಿರಿ. ನಾಚಿಕೆ ಪಡಬೇಡಿ.

ಅಷ್ಟರಲ್ಲಿ ಕಾಲ ಬೇರೆಯಾಗುತ್ತಿತ್ತು. ಮನೆ ಮನೆಗೆ ಟೇಪ್ ರೆಕಾರ್ಡರ್ ಬಂತು. ಒಬ್ಬನೇ ಕೂತು ಹತ್ತು ವಾದ್ಯದ ಸದ್ದು ತೆಗೆಯುವ ಕೀಬೋರ್ಡು ಬಂತು. ಡೇವಿಡ್ ಕೊಲ್ಲಿ ದೇಶಕ್ಕೆ ಹೋದ. ಅವನ ಜಾಗಕ್ಕೆ ಬಂದ ಕೀಬೋರ್ಡಿನವನನ್ನು ನಾನು ಮೊದಮೊದಲು ಮಾತಾಡಿಸಲೂ ಇಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ. ಪಾಪ, ಅವನು ನನ್ನ ಎಲ್ಲ ಹಾಡುಗಳನ್ನೂ ಬರೆದಿಟ್ಟುಕೊಂಡು ಬಂದಿದ್ದ. ನನ್ನ ಹತ್ತಿರ ಇವತ್ತು ಆ ಹಾಡುಗಳು ಉಳಿದಿರುವುದು ಅವನ ವಹಿಯಿಂದಲೇ.

ದಸ್ತಗೀರ ಮಾಸ್ತರರು ಒಂಬತ್ತು ವರ್ಷ ಆ ಆಂಪ್ಲಿಫೈಯರ್ ಪೆಟ್ಟಿಗೆಯ ಬಾಜೂಕೇ ನಿಂತು ಬಾರಿಸಿದವರು. ಅದು ಯಾವಾಗ ಕೈ ಕೊಡುತ್ತದೋ ಎಂದು ಬಲಗಿವಿಯನ್ನು ಅದರ ಕಡೆಗೇ ಇಟ್ಟಿರುತ್ತಿದ್ದರು. ಮೊದಲು ಆ ಕಿವಿ ಮಂದವಾಯಿತು, ಆಮೇಲೆ ಎಡಗಿವಿ. ನಮಗೆ ಹೇಳಲಿಲ್ಲ. ನಮ್ಮ ಬೆರಳು, ತುಟಿ ನೋಡಿ ಬಾರಿಸುತ್ತಿದ್ದರು. ಒಂದು ದಿನ ನಾವೆಲ್ಲ ಹಾಡು ನಿಲ್ಲಿಸಿದ ಮೇಲೂ ತಲೆ ತಗ್ಗಿಸಿಕೊಂಡು ಗಿಟಾರು ಬಾರಿಸುತ್ತಲೇ ಇದ್ದರು. ಬಸಣ್ಣ ಹೋಗಿ ಅವರ ಭುಜ ಮುಟ್ಟಿದ. ಅವರು ಸುತ್ತ ನೋಡಿ, ಗಿಟಾರು ಕೊರಳಿನಿಂದ ತೆಗೆದು ಬಸಣ್ಣನ ಕೈಗೆ ಕೊಟ್ಟು ಕೆಳಗಿಳಿದರು.

ನಾನು ವಾರದ ಮೇಲೆ ಅವರ ಅಂಗಡಿಗೆ ಹೋದೆ. ರೇಡಿಯೋ ರಿಪೇರಿಯೂ ಇನ್ನು ಅವರಿಂದ ಆಗುವಂತಿರಲಿಲ್ಲ. ಗಡಿಯಾರ ಬಿಚ್ಚಿಕೊಂಡು ಕೂತಿದ್ದರು. ಗಿರಾಕಿಗಳ ಸಲುವಾಗಿ ಒಂದು ಪಾಟಿ, ಬಳಪ ಇಟ್ಟುಕೊಂಡಿದ್ದರು. ನಾನು ಪಾಟಿ ತೆಗೆದುಕೊಂಡು ಬರೆದೆ: ನಮ್ಮ ಗದ್ದಲದಿಂದ ನಿಮ್ಮ ಕಿವಿ ಹೋದವು, ನನ್ನನ್ನು ಗಿರಣಿಯಿಂದ ಕರೆತಂದು ಮನುಷ್ಯಳನ್ನಾಗಿ ಮಾಡಿದಿರಿ, ನಿಮಗೆ ನಾವು ಕೊಟ್ಟದ್ದು ಇದು, ಪಾರ್ಟಿ ಇಲ್ಲಿಗೆ ಸಾಕು ಎಂದು. ಜಾಗ ಸಾಲದೆ ಅಂಚಿನವರೆಗೂ ಬರೆದೆ.

ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಅಂಗಿಯ ತೋಳಿನಿಂದ ಎಲ್ಲವನ್ನೂ ಒರೆಸಿದರು. ದೊಡ್ಡ ಅಕ್ಷರದಲ್ಲಿ ಬರೆದು ನನ್ನ ಕಡೆ ತಿರುಗಿಸಿದರು.

'ಸೋಮವಾರ ಸಂಶಿ ಸಾಲ್ಯಾಗ ಗ್ಯಾದರಿಂಗ್ ಅದ. ಮಾತು ಕೊಟ್ಟೀನಿ. ನೀ ಹಾಡು. ನಾ ನೋಡತೇನಿ.'

ಸೋಮವಾರ ಮಧ್ಯಾಹ್ನ ವಾರ್ಷಿಕೋತ್ಸವಕ್ಕೆ ಸಾಲಿಯ ಅಂಗಳ ತುಂಬಿತ್ತು. ಗಿಟಾರಿನ ಜಾಗ ಖಾಲಿ ಬಿಟ್ಟು ನಾವು ಮೂವರೇ ನಿಂತೆವು. ಮುಂದಿನ ಸಾಲಿನಲ್ಲಿ ಮಾಸ್ತರರಿಗೊಂದು ಖುರ್ಚಿ ಹಾಕಿಸಿದ್ದೆವು. ಅವರು ಬಂದರು, ನಮ್ಮೆಲ್ಲರನ್ನೂ ನೋಡಿ ತಲೆಯಾಡಿಸಿದರು. ಬಸಣ್ಣ ಡ್ರಮ್ಮಿಗೆ ಮೊದಲ ಪೆಟ್ಟು ಹಾಕುತ್ತಿದ್ದಂತೆ ಎದ್ದು, ಖುರ್ಚಿಯನ್ನು ಎತ್ತಿ ಹಿಂದು ಮುಂದು ತಿರುಗಿಸಿ, ವೇದಿಕೆಗೆ ಬೆನ್ನು ಮಾಡಿ ಮಂದಿಯ ಕಡೆ ಮುಖ ಹಾಕಿ ಕೂತರು. ನಾನು ಹಾಡಿದಷ್ಟು ಹೊತ್ತೂ ಅವರು ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ. ಕೇಳುವವರ ಮುಖಗಳನ್ನೇ ಒಂದೊಂದಾಗಿ ನೋಡುತ್ತ ಕೂತಿದ್ದರು.